ಕಾರು ಓಡಿಸುವಾಗ ಬೈಕಿನವರಿಗಾಗಿ ನಾನು ರೂಢಿ ಮಾಡಿಕೊಂಡಿದ್ದು

ನಾಗರಬಾವಿಯಿಂದ ಹೆಬ್ಬಾಳಕ್ಕೆ ಔಟರ್ ರಿಂಗ್ ರೋಡಿನಲ್ಲಿ ದಿನಾ ಕಾರು ಓಡಿಸುತ್ತೇನೆ. ಗೊರಗುಂಟೆಪಾಳ್ಯ ಬರುವಷ್ಟರಲ್ಲಿ ಕಾರಿನ ಎರಡೂ ಬದಿಗೆ ಬೈಕುಗಳು ತುಂಬಿಕೊಂಡಿರುತ್ತವೆ. ಎಲ್ಲಂದರಲ್ಲಿ ನುಗ್ಗುತ್ತಾರೆ ಅಂತ ಬೈಯುವವರೇ ಜಾಸ್ತಿ. ಸಂದು ಕಂಡರೆ ಅವರು ಬಂದೇ ಬರುತ್ತಾರೆ, ಅದು ನಮಗೆ ಗೊತ್ತಿರುವ ವಿಷಯವೇ ಅಲ್ವಾ? ತಗುಲಿದರೆ ನನ್ನ ಕಾರಿಗೆ ಗೀರು ಬೀಳುತ್ತದೆ, ಅವರ ಕಾಲು ಮುರಿಯುತ್ತದೆ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರ ಪೈಕಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು ಎಂದು ಕೇಂದ್ರ ಸಾರಿಗೆ ಸಚಿವಾಲಯವೇ ಹೇಳಿದೆ. ಹಾಗಾಗಿ ಹೆಚ್ಚು ಎಚ್ಚರ ವಹಿಸಬೇಕಾದವರು ಕಾರಿನೊಳಗೆ ಕೂತವರು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು ಎಡಕ್ಕೆ ತಿರುಗುವುದು. ಒಂದು ಬೈಕು ಹಿಡಿಸುವಷ್ಟು ಜಾಗ ಎಡಕ್ಕೆ ಬಿಟ್ಟುಕೊಂಡು ಬಂದು, ಆಮೇಲೆ ಥಟ್ಟನೆ ಸ್ಟೇರಿಂಗ್ ಎಳೆದರೆ ಆ ಸಂದಿನಲ್ಲಿದ್ದವರು ಎಲ್ಲಿಗೆ ಹೋಗಬೇಕು? ನಾನು ತಿರುವಿಗೆ ಸಾಕಷ್ಟು ಮೊದಲೇ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿಕೊಂಡು, ನಿಧಾನಕ್ಕೆ ಎಡ ಅಂಚಿಗೆ ಬರುತ್ತೇನೆ. ಸಂದು ಮುಚ್ಚುತ್ತದೆ, ಹಿಂದಿನವರು ತಾವಾಗಿಯೇ ಬಲಗಡೆಯಿಂದ ಹೋಗುತ್ತಾರೆ. ಅಂಚಿಗೆ ಬರಲು ಆಗದಿದ್ದರೆ ನಿಂತು, ಎಡಗಡೆ ಇರುವವರನ್ನೆಲ್ಲ ಮುಂದೆ ಕಳಿಸಿಯೇ ತಿರುಗುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಸಂದನ್ನು ಪೂರ್ತಿ ಬಿಡಬೇಕು, ಇಲ್ಲ ಪೂರ್ತಿ ಮುಚ್ಚಬೇಕು. ಅರ್ಧಂಬರ್ಧ ಬಿಟ್ಟಾಗಲೇ ಡಿಕ್ಕಿಯಾಗುವುದು.

ಕನ್ನಡಿ ಒಂದನ್ನೇ ನಂಬುವುದಿಲ್ಲ. ಕನ್ನಡಿಗೆ ಸಿಗದ ಜಾಗದಲ್ಲಿ ಒಂದು ಬೈಕು ಇಡಿಯಾಗಿ ಮರೆಯಾಗಿಬಿಡುತ್ತದೆ, ಅದಕ್ಕೇ ಕತ್ತು ತಿರುಗಿಸಿ ನೋಡುತ್ತೇನೆ. ಯೂ ಟರ್ನ್‌ನಲ್ಲಿ ಮುಂಗಾಜಿನ ಪಕ್ಕದ ಕಂಬ ಅಡ್ಡ ಬರುತ್ತದೆ. ಸೀಟಿನಲ್ಲೇ ಸ್ವಲ್ಪ ಮುಂದಕ್ಕೆ ಬಾಗಿದರೆ ಅದರ ಹಿಂದಿದ್ದ ಸ್ಕೂಟರ್ ಕಾಣುತ್ತದೆ.

ಬಾಗಿಲಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ನನ್ನ ಬಾಗಿಲನ್ನು ಎಡಗೈಯಿಂದಲೇ ತೆಗೆಯುತ್ತೇನೆ. ಎಡಗೈ ಬಲಕ್ಕೆ ಚಾಚಿದಾಗ ಮೈ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಗೆ ಹೋಗುತ್ತದೆ. ಹಿಂದಿನ ಬಲಬಾಗಿಲಿಗೆ ಚೈಲ್ಡ್ ಲಾಕ್ ಹಾಕಿಟ್ಟಿದ್ದೇನೆ, ಮನೆಯವರೆಲ್ಲ ಎಡಗಡೆಯೇ ಇಳಿಯಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ನಮ್ಮೂರಲ್ಲಿ ಕಾರಿಗೂ ಫುಟ್‌ಪಾತಿಗೂ ನಡುವೆಯೂ ಬೈಕು ಬರುತ್ತದೆ. ಅದಕ್ಕೆ ಚಕ್ರ ಫುಟ್‌ಪಾತಿಗೆ ತಾಗುವಂತೆ ನಿಲ್ಲಿಸುತ್ತೇನೆ. 'ಸ್ವಲ್ಪ ಇರಿ' ಎಂದು ಹೇಳಿ, ಹಿಂದೆ ನೋಡಿ, ಆಮೇಲೆ ಇಳಿಸುತ್ತೇನೆ.

ಮಳೆಗಾಲದಲ್ಲಿ ಅಂತರ ಇನ್ನೂ ಜಾಸ್ತಿ ಬಿಡುತ್ತೇನೆ. ನನ್ನ ಟೈರಿಗೆ ಲೆಕ್ಕಕ್ಕಿಲ್ಲದ ಗುಂಡಿ, ಒದ್ದೆ ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಪಟ್ಟೆ ಅವರನ್ನು ಬೀಳಿಸಬಲ್ಲವು. ಮುಂದಿನ ಬೈಕು ಸುಮ್ನೆ ಪಕ್ಕಕ್ಕೆ ಸರಿಯುವುದಿಲ್ಲ, ಅಲ್ಲಿ ಏನೋ ಇರುತ್ತದೆ. ಬೈಕಿನವರು ಗೇರ್ ಇಳಿಸಿಯೇ ವೇಗ ತಗ್ಗಿಸಿದರೆ ಬ್ರೇಕ್ ಲೈಟೂ ಉರಿಯುವುದಿಲ್ಲ. ನೀರು ನಿಂತಲ್ಲಂತೂ ಪಕ್ಕದವರ ಮುಖಕ್ಕೆ ಎರಚದಷ್ಟು ನಿಧಾನಕ್ಕೆ ಹೋಗುತ್ತೇನೆ. ಕೆಸರು ನೀರು ಹೆಲ್ಮೆಟ್ ಗಾಜಿಗೆ ಬಿದ್ದರೆ ಅವರಿಗೆ ಒಂದು ಕ್ಷಣ ದಾರಿಯೇ ಕಾಣುವುದಿಲ್ಲ.

ರಾತ್ರಿ ಎದುರಿಗೆ ಬರುವ ಒಂಟಿ ದೀಪ ಎಷ್ಟು ದೂರದಲ್ಲಿದೆ ಎಂದು ಅಂದಾಜು ಸಿಗುವುದಿಲ್ಲ. ಡಿಮ್ ಮಾಡಿ, ಅದು ದಾಟಿಹೋದ ಮೇಲೆಯೇ ತಿರುಗುತ್ತೇನೆ. ಬೈಕಿನ ಇಂಡಿಕೇಟರ್ ನೋಡಿಯೂ ಅವಸರ ಮಾಡುವುದಿಲ್ಲ. ಹೆಚ್ಚಿನ ಬೈಕುಗಳಲ್ಲಿ ಅದು ತಾನಾಗಿ ಆರುವುದಿಲ್ಲ, ಹಿಂದಿನ ತಿರುವಿನದ್ದೇ ಉರಿಯುತ್ತಿರಬಹುದು. ಮುಂದಿನ ಚಕ್ರ ನಿಜಕ್ಕೂ ತಿರುಗುವವರೆಗೆ ಕಾಯುತ್ತೇನೆ.