ಮುಂದಿನ ಟೈರ್ ಉಲ್ಟಾ ಹಾಕಿ ಎಳೆದೆ: ನನ್ನ ಅನುಭವ

ಈ ಮಳೆಗಾಲದಲ್ಲಿ ಕೆಸರಲ್ಲಿ ಹೂತಿದ್ದ ಇಪ್ಪತ್ತಕ್ಕೂ ಜಾಸ್ತಿ ಪಿಕಪ್‌ಗಳನ್ನು ನನ್ನ ಮಹೀಂದ್ರ ಎಂಎಂ 540 ಜೀಪ್ ಆಚೆಗೆ ಎಳೆದಿದೆ. ಮುಂದಿನ ಎರಡೂ ಟೈರ್ ಉಲ್ಟಾ, ಅಂದರೆ ಉರುಳುವ ದಿಕ್ಕು ತೋರಿಸುವ ಬಾಣ ಹಿಂದಕ್ಕೆ ಇರುವ ಹಾಗೆ. "ಏನ್ ಸ್ವಾಮಿ, ಕಂಪನಿಯವರು ಬಾಣದ ಗುರುತು ಹಾಕಿರೋದು ಸುಮ್ನೇನಾ?" ಅಂತ ಹೋದ ವರ್ಷ ಪಂಚರ್ ಅಂಗಡಿಯವರು ಕೇಳಿದ್ದರು. ಜೀಪ್ ಇಟ್ಟಿರುವ ಗೆಳೆಯರೂ ಅದನ್ನೇ ಹೇಳಿದರು.

ನಮ್ಮದು ಶಿಡ್ಲಘಟ್ಟದ ಕಡೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೆರೆಗಳಿಗೆ ಬಂದ ಮೇಲೆ ನಮ್ಮ ಕೆರೆ ಅಂಚಿನ ದಾರಿ ಪೂರ್ತಿ ಒಣಗುವುದೇ ಅಪರೂಪ. 15 ಕೆಜಿಯ ಟೊಮೆಟೊ ಕ್ರೇಟು ಎಂಬತ್ತು, ತೊಂಬತ್ತು ಹೊತ್ತ ಪಿಕಪ್ ಅಲ್ಲಿ ಕೂತರೆ ಚಿಂತಾಮಣಿ ಮಾರ್ಕೆಟ್‌ನ ಹರಾಜು ತಪ್ಪಿತು ಅಂತಲೇ ಲೆಕ್ಕ. ಟ್ರ್ಯಾಕ್ಟರ್‌ನವರು ಒಂದು ಎಳೆತಕ್ಕೆ ಸಾವಿರದೈನೂರು ಕೇಳುತ್ತಾರೆ. ನಾನು ಆರುನೂರು, ಏಳುನೂರು ತಗೋತೀನಿ.

ದಾರಿ ಕಿರಿದು, ಜೀಪ್ ತಿರುಗಿಸೋಕೆ ಜಾಗ ಇಲ್ಲ. ಮೂತಿ ಮುಂದಾಗಿ ಹೋಗಬೇಕು, ಮುಂದಿನ ಹುಕ್ಕಿಗೆ ಹಗ್ಗ ಹಾಕಬೇಕು, ಫೋರ್ ಲೋನಲ್ಲಿ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರಿನಲ್ಲಿ, ರಿವರ್ಸ್ ಎಳೆಯಬೇಕು. ಹಗ್ಗ ಬಿಗಿಯಾದ ಕೂಡಲೇ ಮೂತಿ ಬಗ್ಗುತ್ತೆ, ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ. ಆದರೆ ಅವುಗಳ ಹಲ್ಲು ಮುಂದಕ್ಕೆ ಹೋಗೋಕೆ ಮಾಡಿದ್ದು. ರಿವರ್ಸ್‌ನಲ್ಲಿ ಸಂದು ತುಂಬಿಕೊಂಡು ಟೈರ್ ಬೋಳಾಗುತ್ತೆ.

ಮೊದಲು ನಾಲ್ಕೂ ಟೈರ್ ಉಲ್ಟಾ ಮಾಡಿಸಿದೆ. ಬಿಚ್ಚಿ ಹಾಕೋಕೆ ತಲಾ ನೂರೈವತ್ತು, ಲಿವರ್ ತಾಗಿ ಹರಿದ ಟ್ಯೂಬಿಗೆ ಎಂಟುನೂರು ಚಿಲ್ಲರೆ. ರಿವರ್ಸ್ ಎಳೆತ ಚೆನ್ನಾಗೇ ಇತ್ತು. ಆದರೆ ಮೂರನೇ ದಿನ ಹೂತ ಗಾಡಿಯ ಹತ್ತಿರ ಹೋಗುವಾಗ ನಾನೇ ಹೂತೆ. ಇಳಿದು ನೋಡಿದರೆ ಹಿಂದಿನ ಟೈರಿನ ನಡುವೆ ಜೇಡಿ ರೊಟ್ಟಿ ತಟ್ಟಿದ ಹಾಗೆ ಮೆತ್ತಿಕೊಂಡಿತ್ತು, ಒಂದು ಹಲ್ಲೂ ಕಾಣುತ್ತಿರಲಿಲ್ಲ. ನನ್ನನ್ನು ಎಳೆಯೋಕೆ ಟ್ರ್ಯಾಕ್ಟರ್ ಬಂತು, ಸಾವಿರದೈನೂರು ಕೊಟ್ಟೆ. ಆಮೇಲೆ ಹಿಂದಿನದು ಮಾತ್ರ ಉಲ್ಟಾ ಇಟ್ಟು ನೋಡಿದೆ. ಅರ್ಧ ದಿನಕ್ಕೇ ಸಾಕಾಯಿತು.

ಕೊನೆಗೆ ಹಿಂದಿನದು ನೇರ, ಮುಂದಿನದು ಉಲ್ಟಾ. ಹೋಗುವಾಗ ಹಿಂದಿನವು ತಳ್ಳುತ್ತವೆ. ಎಳೆಯುವಾಗ ಮುಂದಿನವಕ್ಕೆ ರಿವರ್ಸೇ ಸರಿಯಾದ ದಿಕ್ಕು. ಮೊದಲ ಪಿಕಪ್ ಬಂದ ಮೇಲೆ ಮುಂದಿನ ಚಕ್ರ ಕೆಸರಲ್ಲಿ ಬಿಟ್ಟ ಗುರುತನ್ನು ಬಗ್ಗಿ ನೋಡಿದೆ. ಮಣೆಯಲ್ಲಿ ಒತ್ತಿದ ಚಕ್ಕುಲಿಯಷ್ಟು ಚೊಕ್ಕ! ಕೆಸರು ಎರಡೂ ಪಕ್ಕಕ್ಕೆ ಚೆಲ್ಲಿತ್ತು, ಹಲ್ಲಿನ ನಡುವೆ ಏನೂ ಉಳಿದಿರಲಿಲ್ಲ.

ಇನ್ನೊಂದು ವಿಷಯ ಆವಾಗಲೇ ಹೊಳೆದಿದ್ದು. ಟೈರನ್ನು ರಿಮ್‌ನಿಂದ ಬಿಚ್ಚುವುದೇ ಬೇಡ. ಎಡಗಡೆಯ ಚಕ್ರ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದರೆ ದಿಕ್ಕು ತಾನೇ ಬದಲಾಗುತ್ತೆ. ಟ್ರ್ಯಾಕ್ಟರ್ ಚಕ್ರದ ಅಗಲ ಬದಲಿಸಿದವರಿಗೆ ಇದು ಹಳೇ ವಿದ್ಯೆ. ಎರಡು ಜಾಕ್, ಇಪ್ಪತ್ತೈದು ನಿಮಿಷ, ಖರ್ಚು ಸೊನ್ನೆ. ಆದರೆ ಕೆಲವು ಹಳೇ ಜೀಪುಗಳಲ್ಲಿ ಎಡಗಡೆಯ ನಟ್‌ಗೆ ಉಲ್ಟಾ ಥ್ರೆಡ್ ಇರುತ್ತೆ. ಚಕ್ರ ಬದಲಾದರೂ ನಟ್ ಆಯಾ ಕಡೆಯೇ ಇರಬೇಕು. ನಮ್ಮ ಹುಡುಗ ಬೆರೆಸಿಬಿಟ್ಟ, ನಾನು ಉದ್ದ ಪಾನಾ ಹಾಕಿ ಒತ್ತಿದೆ, ನಟ್ ಕೂರುವ ಸ್ಟಡ್ ಬೋಲ್ಟೇ ಮುರಿಯಿತು.

ಗಾಳಿ ಹಿಂದಿನ ಟೈರಿಗೆ ಇಪ್ಪತ್ತು ಪಿಎಸ್‌ಐ ಆಸುಪಾಸು ಇಡುತ್ತೇನೆ. ಮುಂದಿನದಕ್ಕೆ ಎಷ್ಟು ಅನ್ನುವುದನ್ನು ಇಲ್ಲಿ ಬರೆಯಲ್ಲ, ಅದು ಎರಡು ಮಳೆಗಾಲದ ಸಂಪಾದನೆ. ಹಗ್ಗ ಕಟ್ಟುವ ಎತ್ತರದಲ್ಲೂ ಒಂದು ಗುಟ್ಟಿದೆ.

ಇದೇ ಗುಂಗಿನಲ್ಲಿ ನೀರಿನ ಟ್ಯಾಂಕರ್ ಟ್ರೈಲರ್‌ಗೂ ಹಳೇ ಹಲ್ಲಿನ ಟೈರ್ ಉಲ್ಟಾ ಹಾಕಿದೆ. ಅದಕ್ಕೆ ಎಂಜಿನ್ ಬಲ ಇಲ್ಲ, ಸುಮ್ನೆ ಉರುಳುವ ಚಕ್ರ ಅಲ್ವಾ? ಏಳೆಂಟು ತಿಂಗಳಾಯಿತು, ಸವೆತ ಮೊದಲಿಗಿಂತ ಕಡಿಮೆ ಅನ್ನಿಸುತ್ತಿದೆ.

ಟಾರು ರಸ್ತೆಗೆ ಮಾತ್ರ ಈ ಉಲ್ಟಾ ಆಗಲ್ಲ. ಮಳೆನೀರನ್ನು ಪಕ್ಕಕ್ಕೆ ತಳ್ಳಬೇಕಾದ ಗೀರು ನಡುವಿಗೆ ಎಳೆದುಕೊಳ್ಳುತ್ತೆ, ವೇಗದಲ್ಲಿ ಜೀಪ್ ತೇಲುತ್ತೆ. ಬೆಂಗಳೂರಿಗೆ ಹೋಗುವುದಿದ್ದರೆ ಹಿಂದಿನ ರಾತ್ರಿಯೇ ಅಂಗಳದಲ್ಲಿ ಜಾಕ್ ಕೊಟ್ಟು ಚಕ್ರ ಬದಲಿಸಿ, ಬಾಣದ ಗುರುತು ನೋಡಿಕೊಂಡು ಮಲಗುತ್ತೇನೆ.