ಎನ್‌ಆರ್‌ವಿ ಬದಲಿಸುವ ಮೊದಲು ನಾನು ನೋಡುವುದೇನು

ರಾತ್ರಿ ನಿಲ್ಲಿಸಿದ ಲಾರಿಯ ಬ್ರೇಕ್ ಟ್ಯಾಂಕಿನಲ್ಲಿ ಬೆಳಿಗ್ಗೆ ಗಾಳಿ ಇಲ್ಲ ಎಂದರೆ ಡ್ರೈವರ್‌ಗಳ ಬಾಯಲ್ಲಿ ಮೊದಲು ಬರುವುದು ಎನ್‌ಆರ್‌ವಿ, ಅಂದರೆ ಟ್ಯಾಂಕಿಗೆ ಹೋದ ಗಾಳಿ ಕಂಪ್ರೆಸರ್ ಕಡೆಗೆ ವಾಪಸ್ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್. ಬರುವಾಗಲೇ ಹೊಸದೊಂದನ್ನು ಕೊಂಡು ಜೇಬಿನಲ್ಲಿಟ್ಟುಕೊಂಡು, ‘ಮೇಸ್ತ್ರಿ, ಇದನ್ನು ಹಾಕಿಬಿಡಿ’ ಅನ್ನುವವರೂ ಇದ್ದಾರೆ. ಅದನ್ನು ಪಕ್ಕಕ್ಕಿಡಿಸಿ ನಾನು ಮೊದಲು ಗಾಡಿ ನೋಡುತ್ತೇನೆ.

ಎನ್‌ಆರ್‌ವಿ ಒಂದೇ ಕೆಟ್ಟರೆ ಟ್ಯಾಂಕಿನ ಗಾಳಿ ಖಾಲಿಯಾಗುವುದಿಲ್ಲ. ಅದು ಹಿಂದಕ್ಕೆ ಬಿಟ್ಟ ಗಾಳಿ ಹೊರಗೆ ಹೋಗಬೇಕಾದರೆ ಕಂಪ್ರೆಸರ್ ಕಡೆ ಇನ್ನೊಂದು ದಾರಿ ತೆರೆದಿರಬೇಕು: ಬಿರುಕುಬಿಟ್ಟ ಪೈಪೋ, ಸರಿಯಾಗಿ ಕೂರದ ಅನ್‌ಲೋಡರೋ (ಟ್ಯಾಂಕ್ ತುಂಬಿದ ಮೇಲೆ ಕಂಪ್ರೆಸರಿನ ಗಾಳಿಯನ್ನು ಹೊರಗೆ ಬಿಡುವ ವಾಲ್ವ್), ಕಂಪ್ರೆಸರಿನ ಡೆಲಿವರಿ ವಾಲ್ವೋ. ಇನ್ನು ಟ್ಯಾಂಕಿನಿಂದ ಮುಂದಕ್ಕೆ, ಬ್ರೇಕ್ ಚೇಂಬರಿನ ಡಯಾಫ್ರಮ್ಮಿನಲ್ಲೋ ಹ್ಯಾಂಡ್ ಬ್ರೇಕ್ ವಾಲ್ವಿನಲ್ಲೋ ಸೋರುತ್ತಿದ್ದರೆ ಎನ್‌ಆರ್‌ವಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಸೋಪಿನ ನೀರಿನಲ್ಲೇ ಹುಡುಕಬೇಕು.

ಈ ವಾಲ್ವಿನ ಕೆಲಸ ಬಾವಿ ಪಂಪಿನ ಫುಟ್‌ವಾಲ್ವಿನದೇ. ಕಂಪ್ರೆಸರಿನಿಂದ ಬಂದ ಗಾಳಿಗೆ ಬಾಗಿಲು ತೆಗೆಯುತ್ತದೆ, ವಾಪಸ್ ಹೊರಟರೆ ಮುಚ್ಚುತ್ತದೆ. ಗಾಡಿ ಓಡುತ್ತಿರುವಾಗ ಕಂಪ್ರೆಸರ್ ತುಂಬುತ್ತಲೇ ಇರುವುದರಿಂದ ವಾಲ್ವ್ ಸತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಶಿರಾಡಿ ಘಾಟಿ ಇಳಿಯುವಾಗ, ಕಂಪ್ರೆಸರಿನಿಂದ ಗಾಳಿ ತರುವ ಡೆಲಿವರಿ ಪೈಪ್ ಒಡೆಯಿತು ಅನ್ನಿ. ವಾಲ್ವ್ ಹಿಡಿದರೆ ಟ್ಯಾಂಕಿನಲ್ಲಿ ಉಳಿದ ಗಾಳಿಯಿಂದ ಕೆಲವು ಸಲ ಬ್ರೇಕ್ ಹಿಡಿದು ಗಾಡಿಯನ್ನು ಪಕ್ಕಕ್ಕೆ ತರಬಹುದು. ಹಿಡಿಯದಿದ್ದರೆ ಎಲ್ಲ ಗಾಳಿಯೂ ಆ ಒಡಕಿನಿಂದಲೇ ಹೋಗುತ್ತದೆ. ಸ್ಪ್ರಿಂಗ್ ಬ್ರೇಕ್ ಇರುವ ಗಾಡಿಯಾದರೆ ಒತ್ತಡ ಇಳಿದಂತೆ ಹಿಂದಿನ ಚಕ್ರ ತಾನಾಗಿ ಹಿಡಿಯುತ್ತದೆ ನಿಜ, ಆದರೆ ಎಲ್ಲಿ ಹಿಡಿಯಬೇಕು ಅನ್ನುವುದು ಡ್ರೈವರಿನ ಕೈಯಲ್ಲಿರುವುದಿಲ್ಲ. ಅದಕ್ಕೇ ಘಾಟಿ ಲೈನಿನ ಗಾಡಿ ಬೇರೆ ಕೆಲಸಕ್ಕೆ ಬಂದರೂ ನಾನು ಇದನ್ನೊಮ್ಮೆ ನೋಡಿಯೇ ಬಿಡುವುದು.

ಪರೀಕ್ಷೆಗೆ ಸಮತಟ್ಟು ಜಾಗ ಬೇಕು, ಚಕ್ರಕ್ಕೆ ಎರಡೂ ಕಡೆ ಅಡ್ಡ ಕಲ್ಲು ಬೇಕು. ಅನ್‌ಲೋಡರ್ ‘ಬುಸ್’ ಎಂದು ಬಿಡುವವರೆಗೆ ಗಾಳಿ ತುಂಬಿಸುತ್ತೇನೆ. ಹೆಚ್ಚಿನ ಗಾಡಿಗಳಲ್ಲಿ ಅದು 8 ಬಾರ್ ಆಸುಪಾಸು. ಕಂಪ್ರೆಸರಿನ ಗಾಳಿ ಮೊದಲು ಬಂದು ಸೇರುವುದು ವೆಟ್ ಟ್ಯಾಂಕಿಗೆ; ಅಲ್ಲಿಂದ ಮುಂದಿನ, ಹಿಂದಿನ ಬ್ರೇಕಿನ ಟ್ಯಾಂಕುಗಳಿಗೆ ಹೋಗುವ ದಾರಿಯಲ್ಲಿ ಒಂದೊಂದು ಎನ್‌ಆರ್‌ವಿ ಇರುತ್ತದೆ. ಇಂಜಿನ್ ಆಫ್ ಮಾಡಿ, ವೆಟ್ ಟ್ಯಾಂಕಿನ ಡ್ರೈನ್ ಕಾಕ್ ಪೂರ್ತಿ ತೆಗೆದು ಖಾಲಿ ಮಾಡುತ್ತೇನೆ. ಕ್ಲೀನರ್ ಕ್ಯಾಬಿನ್‌ನಲ್ಲಿ ಕೂತು ಗೇಜ್ ನೋಡುತ್ತಿರುತ್ತಾನೆ. ಮುಂದಿನ, ಹಿಂದಿನ ಎರಡೂ ಮುಳ್ಳು ಇದ್ದಲ್ಲೇ ಇರಬೇಕು. ಯಾವುದು ಇಳಿಯಿತೋ ಆ ಟ್ಯಾಂಕಿನ ಎನ್‌ಆರ್‌ವಿ ಬಿಡುತ್ತಿದೆ. ವೆಟ್ ಟ್ಯಾಂಕ್ ಇಲ್ಲದಿದ್ದರೆ ವಾಲ್ವಿನ ಹಿಂದಿನ, ಅಂದರೆ ಕಂಪ್ರೆಸರ್ ಕಡೆಯ ಪೈಪಿನ ಯೂನಿಯನ್ ನಟ್ಟನ್ನು, ಮುಖ ದೂರ ಇಟ್ಟು, ನಿಧಾನವಾಗಿ ಸಡಿಲಿಸಬೇಕು. ಪೈಪಿನಲ್ಲಿದ್ದ ಗಾಳಿ ಹೋಗಿ ನಿಂತರೆ ಸರಿ. ನಿಲ್ಲದೆ ಬರುತ್ತಲೇ ಇದ್ದರೆ ಅದು ಟ್ಯಾಂಕಿನ ಗಾಳಿ.

ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಇರುವ ಈಚಿನ ಗಾಡಿಗಳಲ್ಲಿ ಕಿವಿಗೇ ಹೆಚ್ಚು ಕೆಲಸ. ಗಾಳಿ ತುಂಬಿದ ಮೇಲೆ ಇಂಜಿನ್ ಓಡುತ್ತಿದ್ದರೆ ಕಂಪ್ರೆಸರಿನ ಗಾಳಿ ಡ್ರೈಯರಿನ ಕೆಳಗಿನ ಬಾಯಿಂದ ಹೊರಗೆ ಹೋಗುತ್ತಲೇ ಇರುತ್ತದೆ, ಆ ಸದ್ದು ಕೇಳಿ ಏನೂ ಹೇಳಲಾಗದು. ಆಫ್ ಮಾಡಬೇಕು. ಒಳಗಿನ ತೇವ ಹೀರುವ ಹರಳನ್ನು ಒಣಗಿಸುವ ಗಾಳಿ ಸ್ವಲ್ಪ ಹೊತ್ತು ಬಂದು ನಿಲ್ಲುತ್ತದೆ, ಅದು ದೋಷವಲ್ಲ. ಆಮೇಲೂ ಸುಯ್ ಅನ್ನುತ್ತಲೇ ಇದ್ದು ಮುಳ್ಳೂ ಇಳಿಯುತ್ತಿದ್ದರೆ ಡ್ರೈಯರಿನೊಳಗಿನ ಒನ್‌ವೇ ವಾಲ್ವನ್ನು ಬಿಚ್ಚಿ ನೋಡುತ್ತೇನೆ.

ಹಳೆಯ ಎನ್‌ಆರ್‌ವಿ ಬಿಚ್ಚಿದರೆ ಕಥೆಯೆಲ್ಲ ಅದರಲ್ಲೇ ಇರುತ್ತದೆ. ರಬ್ಬರ್ ವಾಷರಿನ ಮೇಲೆ ಸೀಟಿನ ಗುರುತು ಉಂಗುರದಂತೆ ಬಿದ್ದಿರುತ್ತದೆ. ಆ ಉಂಗುರ ಒಂದು ಕಡೆ ಕಚ್ಚುಬಿದ್ದಿದ್ದರೆ ಅಲ್ಲಿ ಕಸ ಸಿಕ್ಕಿಕೊಂಡಿತ್ತು ಎಂದೇ ಅರ್ಥ. ಉಗುರಿನಿಂದ ಸೀಟ್ ಕೆರೆದರೆ ಕಪ್ಪು ಚಕ್ಕೆ ಏಳುತ್ತದೆ: ಕಾರ್ಬನ್. ಕಂಪ್ರೆಸರ್ ರಿಂಗ್ ಸವೆದು ಆಯಿಲ್ ಎಸೆಯುತ್ತಿದ್ದರೆ ಆ ಆಯಿಲ್ ಬಿಸಿ ಡೆಲಿವರಿ ಪೈಪಿನಲ್ಲಿ ಸುಟ್ಟು ಗಟ್ಟಿಯಾಗಿ, ಚೂರು ಚೂರಾಗಿ ಬಂದು ಇಲ್ಲಿ ಕೂರುತ್ತದೆ. ಹೀಗಿರುವಾಗ ಹೊಸ ವಾಲ್ವ್ ಹಾಕಿ ಕಳಿಸಿದರೆ ಅದೂ ಸ್ವಲ್ಪ ದಿನಕ್ಕೆ ಇದೇ ಗತಿ. ಡೆಲಿವರಿ ಪೈಪ್ ಬಿಚ್ಚಿ ಓನರಿಗೇ ತೋರಿಸುತ್ತೇನೆ. ಒಳಗಿನ ತೂತು ಅರ್ಧ ಮುಚ್ಚಿದ್ದು ಕಣ್ಣಾರೆ ಕಂಡ ಮೇಲೆ ಕಂಪ್ರೆಸರ್ ಕೆಲಸಕ್ಕೆ ಚೌಕಾಸಿ ಕಡಿಮೆಯಾಗುತ್ತದೆ.

ಹಳೆಯ ವಾಲ್ವನ್ನೇ ಡೀಸೆಲ್‌ನಲ್ಲಿ ತೊಳೆದು ಹಾಕಿ ಅನ್ನುವವರಿಗೆ ನಾನು ಒಪ್ಪುವುದಿಲ್ಲ. ಗಟ್ಟಿಯಾದ ರಬ್ಬರ್ ತೊಳೆದರೆ ಮೆತ್ತಗಾಗುವುದಿಲ್ಲ. ಹೊಸದನ್ನು ಕೂರಿಸುವಾಗ ಬಾಡಿಯ ಮೇಲಿನ ಬಾಣ ಟ್ಯಾಂಕಿನ ಕಡೆಗಿರಬೇಕು. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವವರು ಮೊದಲ ಎಳೆ ಬಿಟ್ಟು ಸುತ್ತಲಿ, ಇಲ್ಲದಿದ್ದರೆ ಅದರ ತುಣುಕೇ ಒಳಗೆ ಹೋಗಿ ಸೀಟಿಗೆ ಸಿಗುತ್ತದೆ. ಆಮೇಲೆ ಮತ್ತೆ ಗಾಳಿ ತುಂಬಿಸಿ, ವೆಟ್ ಟ್ಯಾಂಕ್ ಖಾಲಿ ಮಾಡಿ, ಈ ಸಲ ಡ್ರೈವರನ್ನೇ ಗೇಜಿನ ಮುಂದೆ ಕೂರಿಸುತ್ತೇನೆ.