ಕಳೆಯ ರಸ ಬೆಳೆಗೆ ಏನು ಮಾಡುತ್ತದೆ? ನೀವೇ ಪರೀಕ್ಷಿಸಿ ನೋಡಿ

ಕಳೆ ಎದ್ದರೆ ಬೆಳೆಗೆ ಸಿಗಬೇಕಾದ ನೀರು, ಗೊಬ್ಬರ, ಬಿಸಿಲಿನಲ್ಲಿ ಪಾಲು ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಕೆಲವು ಕಳೆಗಳು ಅಷ್ಟಕ್ಕೇ ಸುಮ್ಮನಿರುವುದಿಲ್ಲ. ತಮ್ಮ ಮೈಯಲ್ಲಿ ತಯಾರಾದ ರಾಸಾಯನಿಕಗಳನ್ನು ಹೊರಗೆ ಬಿಟ್ಟು, ಪಕ್ಕದ ಬೀಜ ಮೊಳೆಯದಂತೆ, ಮೊಳೆತರೂ ಬೇರು ಇಳಿಯದಂತೆ ತಡೆಯುತ್ತವೆ. ಇದನ್ನು ಅಲ್ಲೆಲೋಪತಿ ಎನ್ನುತ್ತಾರೆ. ಈ ಹೆಸರು ಕೊಟ್ಟವರು ಆಸ್ಟ್ರಿಯಾದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಷ್, 1937ರಲ್ಲಿ.

ಪಾರ್ಥೇನಿಯಂ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಪಾರ್ಥೆನಿನ್ ಎಂಬ ಕಹಿ ವಸ್ತುವಿದೆ. ಜೊತೆಗೆ ಫೆರುಲಿಕ್, ಕೆಫಿಕ್, ವೆನಿಲಿಕ್ ಆಮ್ಲಗಳೂ ಇವೆ. ಮಳೆ ಎಲೆಯನ್ನು ತೊಳೆದಾಗ, ಬೇರಿನಿಂದ ಜಿನುಗಿದಾಗ, ಒಣಗಿ ಬಿದ್ದ ಗಿಡ ಕೊಳೆತಾಗ ಇವೆಲ್ಲ ಮಣ್ಣಿಗೆ ಸೇರುತ್ತವೆ. ಇದರ ಪರಿಣಾಮವನ್ನು ಕಣ್ಣಾರೆ ನೋಡಲು ದೊಡ್ಡ ಪ್ರಯೋಗಾಲಯವೇನೂ ಬೇಡ.

ರಸ ತಯಾರಿ

ಹೂ ಬಿಡುವ ಮೊದಲೇ ಗಿಡ ಕಿತ್ತುಕೊಳ್ಳಿ. ಪಾರ್ಥೇನಿಯಂ ಆದರೆ ಕೈಗವಸು, ಮಾಸ್ಕ್ ಎರಡೂ ಕಡ್ಡಾಯ. ಚರ್ಮದ ತುರಿಕೆಯಿಂದ ಉಬ್ಬಸದವರೆಗೆ ಅದರಿಂದ ತೊಂದರೆಯಾಗುತ್ತದೆ. ಎಲೆಗಳನ್ನು ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ ಪುಡಿ ಮಾಡಿ. 10 ಗ್ರಾಂ ಪುಡಿಯನ್ನು 100 ಮಿ.ಲೀ. ನೀರಿನಲ್ಲಿ ಒಂದು ದಿನ ನೆನೆಸಿ. ಬಟ್ಟೆಯಲ್ಲಿ ಒಮ್ಮೆ, ಫಿಲ್ಟರ್ ಪೇಪರ್‌ನಲ್ಲಿ ಇನ್ನೊಮ್ಮೆ ಸೋಸಿ. ಕುದಿಸಬೇಡಿ, ಮಳೆ ನೀರು ಕುದಿಯುವುದಿಲ್ಲ ಅಲ್ವಾ?

ಈ ರಸದಲ್ಲಿ ಒಂದು ಪಾಲನ್ನು ಹಾಗೇ ಇಡಿ. ಇನ್ನೊಂದಕ್ಕೆ ಸಮ ನೀರು ಸೇರಿಸಿ. ಮತ್ತೊಂದಕ್ಕೆ ಮೂರು ಪಟ್ಟು ನೀರು. ನಾಲ್ಕನೆಯದು ಬರೀ ನೀರು. ಈ ಬರೀ ನೀರಿನ ತಟ್ಟೆ ಇಲ್ಲದಿದ್ದರೆ ಇಡೀ ಪರೀಕ್ಷೆಗೆ ಅರ್ಥವೇ ಇಲ್ಲ.

ಬೀಜ ಇಡುವುದು

ಮೂಲಂಗಿ, ಸಾಸಿವೆಯಂಥ ಬೇಗ ಮೊಳೆಯುವ ಬೀಜ ಸಾಕು. ಔಷಧಿ ಲೇಪಿಸಿದ ಬೀಜ ಬೇಡ. ಮುಚ್ಚಳವಿರುವ ತಟ್ಟೆಗಳಲ್ಲಿ ಫಿಲ್ಟರ್ ಪೇಪರ್ ಹಾಸಿ, ಒಂದೊಂದರಲ್ಲಿ 25 ಬೀಜ ಜೋಡಿಸಿ, 5 ಮಿ.ಲೀ. ರಸ ಹಾಕಿ. ಬೀಜ ಒದ್ದೆಯಾಗಬೇಕು, ಮುಳುಗಬಾರದು. ಪ್ರತಿ ರಸಕ್ಕೂ ಮೂರು ತಟ್ಟೆಯಾದರೂ ಇರಲಿ. ಹೆಸರು ಬರೆದ ಚೀಟಿ ಅಂಟಿಸಿ, ಎಲ್ಲವನ್ನೂ ಒಂದೇ ಕಡೆ ಇಡಿ.

ಬೇರನ್ನು ನೋಡಿ

ಬೇರಿನ ತುದಿ 2 ಮಿ.ಮೀ. ಹೊರಬಂದರೆ ಮೊಳೆತ ಲೆಕ್ಕ. ದಿನಾ ಎಣಿಸಿ ಬರೆದುಕೊಳ್ಳಿ. ಆದರೆ ಬರೀ ಮೊಳಕೆ ಎಣಿಸಿ ನಿಲ್ಲಿಸಬೇಡಿ. ನನ್ನ ಪ್ರಕಾರ ಹೆಚ್ಚಿನವರು ಎಡವುವುದು ಇಲ್ಲೇ. ಎಷ್ಟೋ ಸಲ ಬೀಜ ಚೆನ್ನಾಗಿಯೇ ಮೊಳೆಯುತ್ತದೆ, ಪೆಟ್ಟು ಬಿದ್ದಿರುವುದು ಬೇರಿಗೆ.

ಐದು ದಿನವಾದ ಮೇಲೆ ಭೂತಗನ್ನಡಿ ಹಿಡಿದು ನೋಡಿ. ಬರೀ ನೀರಿನಲ್ಲಿ ಬೆಳೆದ ಬೇರು ಬೆಳ್ಳಗೆ ನೀಳವಾಗಿರುತ್ತದೆ. ಸುತ್ತ ಸಣ್ಣ ರೋಮಗಳು ಹತ್ತಿಯಂತೆ ಹಬ್ಬಿರುತ್ತವೆ. ಗಟ್ಟಿ ರಸದಲ್ಲಿ ಬೆಳೆದದ್ದು ಮೊಂಡಾಗಿರಬಹುದು, ತುದಿ ಕಂದಾಗಿರಬಹುದು, ರೋಮಗಳೇ ಇಲ್ಲದಿರಬಹುದು. ಬೇರಿನ ತುದಿಯಲ್ಲಿ ಜೀವಕೋಶಗಳು ಒಡೆದು ಎರಡಾಗುವ ಕೆಲಸ ನಿಧಾನವಾದರೆ ಹೀಗಾಗುತ್ತದೆ. ರೋಮಗಳಿಲ್ಲದ ಬೇರು ನೀರು, ಪೋಷಕಾಂಶ ಎಳೆದುಕೊಳ್ಳಲು ಕಷ್ಟಪಡುತ್ತದೆ.

ಸ್ಕೇಲಿನಿಂದ ಉದ್ದ ಅಳೆಯಿರಿ. ಬರೀ ನೀರಿನಲ್ಲಿ ಸರಾಸರಿ 40 ಮಿ.ಮೀ., ರಸದಲ್ಲಿ 10 ಮಿ.ಮೀ. ಬಂತು ಎಂದುಕೊಳ್ಳಿ. ವ್ಯತ್ಯಾಸ 30. ಅದನ್ನು 40ರಿಂದ ಭಾಗಿಸಿ 100ರಿಂದ ಗುಣಿಸಿದರೆ ಬೆಳವಣಿಗೆ ಶೇ 75ರಷ್ಟು ಕುಂಠಿತವಾಗಿದೆ ಎಂದರ್ಥ. ತೀರಾ ತೆಳು ರಸದಲ್ಲಿ ಬೇರು ಜಾಸ್ತಿ ಬೆಳೆದರೆ ಗಾಬರಿ ಬೇಡ. ಅದೇ ವಸ್ತು ಸ್ವಲ್ಪ ಇದ್ದಾಗ ಬೆಳವಣಿಗೆಗೆ ಚುರುಕು ಕೊಡುವುದೂ ಉಂಟು.

ತಟ್ಟೆಯಿಂದ ಮಣ್ಣಿಗೆ

ಗಟ್ಟಿ ರಸದಲ್ಲಿ ಲವಣ, ಸಕ್ಕರೆಗಳೂ ಕರಗಿರುತ್ತವೆ. ಅವು ಜಾಸ್ತಿಯಿದ್ದರೆ ಬೀಜಕ್ಕೆ ನೀರು ಹೀರಲು ಕಷ್ಟ. ಅದನ್ನೇ ವಿಷ ಎಂದು ತಿಳಿಯುವ ಅಪಾಯವಿದೆ. ಹಾಗಾಗಿ ತೆಳು ರಸದ ಫಲಿತಾಂಶಕ್ಕೇ ಹೆಚ್ಚು ಬೆಲೆ ಕೊಡಿ. ಮೊಳೆಯದ ಬೀಜಗಳನ್ನು ತೊಳೆದು ಬರೀ ನೀರಿನಲ್ಲಿ ಇಟ್ಟು ನೋಡಿ. ಮೊಳೆತರೆ ಬೀಜ ಸತ್ತಿರಲಿಲ್ಲ, ತಡೆದು ನಿಂತಿತ್ತು ಅಷ್ಟೇ.

ಮಣ್ಣಿನ ಲೆಕ್ಕವೇ ಬೇರೆ. ಅಲ್ಲಿನ ಸೂಕ್ಷ್ಮಜೀವಿಗಳು ಈ ರಾಸಾಯನಿಕಗಳನ್ನು ಒಡೆಯುತ್ತವೆ, ಜೇಡಿ ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸುವಾಸನೆಯ ಪೊದೆಗಳ ಸುತ್ತ ಹುಲ್ಲು ಬೆಳೆಯದ ಬೋಳು ಪಟ್ಟಿ ಇರುತ್ತಿತ್ತು. 1964ರಲ್ಲಿ ಅದಕ್ಕೆ ಪೊದೆಯ ಆವಿಯೇ ಕಾರಣವೆಂದು ವಿಜ್ಞಾನಿಗಳು ಬರೆದರು. 1970ರಲ್ಲಿ ಇನ್ನೊಬ್ಬರು ಪಟ್ಟಿಗೆ ಬಲೆ ಮುಚ್ಚಿ ಪ್ರಾಣಿಗಳನ್ನು ದೂರ ಇಟ್ಟರು. ಅಲ್ಲಿ ಹುಲ್ಲು ಬಂತು! ಪೊದೆಯಲ್ಲಿ ಅಡಗಿದ್ದ ಇಲಿ, ಮೊಲಗಳು ಮೇಯುತ್ತಿದ್ದುದೂ ಕಾರಣವಾಗಿತ್ತು.

ಆದ್ದರಿಂದ ಕುಂಡದಲ್ಲಿಯೂ ಪರೀಕ್ಷಿಸಿ. ಒಂದರಲ್ಲಿ ಬರೀ ಮಣ್ಣು, ಎರಡನೆಯದರಲ್ಲಿ ಕಿಲೋ ಮಣ್ಣಿಗೆ 10 ಗ್ರಾಂ ಕಳೆಪುಡಿ, ಮೂರನೆಯದರಲ್ಲಿ ಪುಡಿಯ ಜೊತೆ 10 ಗ್ರಾಂ ಆಕ್ಟಿವೇಟೆಡ್ ಇದ್ದಿಲು (ಹೀರುವ ಶಕ್ತಿ ಹೆಚ್ಚುವಂತೆ ತಯಾರಿಸಿದ ಇದ್ದಿಲು), ನಾಲ್ಕನೆಯದರಲ್ಲಿ ಮಣ್ಣಿನ ಜೊತೆ ಇದ್ದಿಲು ಮಾತ್ರ. ಇದ್ದಿಲು ಇಂಥ ರಾಸಾಯನಿಕಗಳನ್ನು ಹೀರಿಕೊಳ್ಳುತ್ತದೆ. ಎರಡನೆಯ ಕುಂಡದ ಸಸಿ ಸೊರಗಿ, ಮೂರನೆಯದರಲ್ಲಿ ಚೇತರಿಸಿಕೊಂಡರೆ ಕಳೆಯ ರಾಸಾಯನಿಕದ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಎರಡರಲ್ಲೂ ಎಲೆ ಹಳದಿಯಾದರೆ ಸಾರಜನಕದ ಕೊರತೆಯೂ ಇರಬಹುದು. ಕೊಳೆಯದೇ ಸೇರಿಸಿದ ಕಸ ಮಣ್ಣಿನಲ್ಲಿ ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಕಬಳಿಸುತ್ತವೆ.

ಹೊಲದಲ್ಲಿ ಕಳೆಯನ್ನು ಉತ್ತು ಮಣ್ಣಿಗೆ ಸೇರಿಸಿದ್ದರೆ ಕೂಡಲೇ ಬಿತ್ತಬೇಡಿ. ಕೆಲವು ವಾರ ಕೊಳೆಯಲು ಬಿಡಿ. ನಂತರ ಆ ಮಣ್ಣನ್ನು ಒಂದಿಷ್ಟು ತಂದು ಕುಂಡದಲ್ಲಿ ಬೀಜ ಹಾಕಿ, ಕಳೆ ಇಲ್ಲದ ಜಾಗದ ಮಣ್ಣಿನಲ್ಲೂ ಅಷ್ಟೇ ಬೀಜ ಹಾಕಿ. ಎರಡೂ ಕಡೆ ಬೇರು ಒಂದೇ ಸಮ ಇಳಿದರೆ ಬಿತ್ತನೆ ಶುರು ಮಾಡಬಹುದು.